ಹಳೆಯ ಜಾರುಬಂಡಿ, ಜೋಕಾಲಿ, ತಿರುಗಣೆಗಳ ಸಂಗ್ರಹ ಮತ್ತು ಆರೈಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ, ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲೂ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯಲ್ಲೂ ಶಾಲೆಯಂಗಳದ, ಪಾರ್ಕುಗಳ ಹಳೆಯ ಆಟದ ಸಾಮಾನು ಒಂದೊಂದಾಗಿ ಗುಜರಿ ಸೇರುತ್ತಿದೆ. ಅದನ್ನು ಉಳಿಸಬೇಕೆಂದು ಹೊರಟವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಮ್ಮ ಮಳೆ, ನಮ್ಮ ಉಪ್ಪುಗಾಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಬಯಲುಸೀಮೆಯವರಿಗೆ ಇದರಲ್ಲಿ ಅರ್ಧದಷ್ಟು ಬೇಕಾಗಲಿಕ್ಕಿಲ್ಲ.

ಎಷ್ಟು ವರ್ಷವಾದರೆ ‘ಹಳೆಯದು’ ಎನ್ನಬೇಕು?

ವರ್ಷಕ್ಕಿಂತ ಮಾಡಿದ ರೀತಿಯನ್ನು ನಾನು ಹೆಚ್ಚು ನೋಡುತ್ತೇನೆ. ಕ್ಯಾಟಲಾಗ್ ನೋಡಿ ತರಿಸುವ ಪ್ಲಾಸ್ಟಿಕ್ ಮಲ್ಟಿಪ್ಲೇ (ಹಲವು ಆಟಗಳನ್ನು ಒಟ್ಟಿಗೆ ಜೋಡಿಸಿದ ಸೆಟ್ಟು) ಬರುವುದಕ್ಕೆ ಮುಂಚೆ ಕಬ್ಬಿಣ, ಮರ, ಸಿಮೆಂಟು, ಚಿರೆಕಲ್ಲುಗಳಲ್ಲಿ ಮಾಡಿದ್ದೆಲ್ಲ ನನ್ನ ಲೆಕ್ಕಕ್ಕೆ ಬರುತ್ತದೆ. ಪೈಪಿನ ಜೋಕಾಲಿ ಸ್ಟ್ಯಾಂಡು, ತಗಡಿನ ಜಾರುಬಂಡಿ, ಎರಡು ತುದಿಗೆ ಕೂತು ಏರಿಳಿಯುವ ಮರದ ಹಲಗೆಯ ಸೀಸಾ, ನಡುಗೂಟದ ಮೇಲೆ ಸುತ್ತುವ ತಿರುಗಣೆ, ಹತ್ತುವ ಕಂಬಿಗಳ ಜಂಗಲ್ ಜಿಮ್, ಸೊಂಡಿಲಿನ ಮೇಲೆ ಜಾರುವ ಸಿಮೆಂಟಿನ ಆನೆ. ಮೊದಮೊದಲು ಬಂದ ಫೈಬರ್ ಜಾರುಬಂಡಿಗಳನ್ನೂ ಈಗ ಸೇರಿಸಿಕೊಳ್ಳುತ್ತಿದ್ದೇನೆ. ಅವುಗಳ ಮೇಲಿನ ನುಣುಪು ಪದರ ಸವೆದು ಒಳಗಿನ ಗಾಜಿನ ಎಳೆ ಎದ್ದಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮಕ್ಕೆ ಚುಚ್ಚಿ ಗಂಟೆಗಟ್ಟಲೆ ತುರಿಸುತ್ತದೆ.

ತುಕ್ಕು ಹಿಡಿದ ಕಬ್ಬಿಣ ಉಳಿಸಿ ಯಾರಿಗೆ ಏನು ಪ್ರಯೋಜನ?

ಇದನ್ನು ಕೇಳದವರೇ ಕಡಿಮೆ. ಶಾಲೆಯ ಕಟ್ಟಡಕ್ಕೆ ಕಡತವಿದೆ, ಹಾಜರಿ ಪುಸ್ತಕವಿದೆ, ಶತಮಾನೋತ್ಸವದ ಸ್ಮರಣ ಸಂಚಿಕೆಯಿದೆ. ಮಕ್ಕಳು ನಿಜವಾಗಿ ಸಂತೋಷಪಟ್ಟ ಜಾಗಕ್ಕೆ ಯಾವ ದಾಖಲೆಯೂ ಇಲ್ಲ. ಒಂದು ಊರು ತನ್ನ ಮಕ್ಕಳಿಗಾಗಿ ಏನು ಕಟ್ಟಿತು, ಎಷ್ಟು ಗಟ್ಟಿಯಾಗಿ ಕಟ್ಟಿತು ಎಂಬುದಕ್ಕೆ ಆ ಕಬ್ಬಿಣವೊಂದೇ ಸಾಕ್ಷಿ.

ಇವುಗಳ ವಂಶಾವಳಿಯೂ ದೊಡ್ಡದು. ಜಂಗಲ್ ಜಿಮ್‌ಗೆ ಅಮೆರಿಕದ ಸೆಬಾಸ್ಟಿಯನ್ ಹಿಂಟನ್ ಎಂಬ ವಕೀಲರಿಗೆ 1923ರಲ್ಲಿ ಪೇಟೆಂಟ್ ಸಿಕ್ಕಿತು. ಅವರ ತಂದೆ ಚಾರ್ಲ್ಸ್ ಹೊವಾರ್ಡ್ ಹಿಂಟನ್ ಗಣಿತಜ್ಞರು. ಜಪಾನಿನಲ್ಲಿದ್ದಾಗ ಮಕ್ಕಳಿಗೆ ಆಯಾಮಗಳ ಕಲ್ಪನೆ ಬರಲೆಂದು ಬಿದಿರುಗಳವನ್ನು ಚೌಕಚೌಕವಾಗಿ ಕಟ್ಟಿ ಹತ್ತಿಸುತ್ತಿದ್ದರು. ಮಗ ಅದನ್ನೇ ನೆನಪಿಟ್ಟುಕೊಂಡು ಕಬ್ಬಿಣದ ಪೈಪಿಗೆ ತಂದರು. ಇಂಗ್ಲೆಂಡಿನ ಕೆಟರಿಂಗ್‌ನಲ್ಲಿ ಚಾರ್ಲ್ಸ್ ವಿಕ್‌ಸ್ಟೀಡ್ ಎಂಬ ಕಾರ್ಖಾನೆಯ ಯಜಮಾನರು ತೆರೆದ ಪಾರ್ಕಿಗೆ 2021ಕ್ಕೆ ನೂರು ತುಂಬಿತು. ಜೋಕಾಲಿ, ಜಾರುಬಂಡಿಗಳನ್ನು ಕಾರ್ಖಾನೆಯಲ್ಲಿ ಮಾಡಿ ಮಾರುವ ಉದ್ಯಮಕ್ಕೆ ಅದು ದೊಡ್ಡ ತಳಹದಿ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವಾಸ್ತುಶಿಲ್ಪಿ ಆಲ್ಡೊ ವಾನ್ ಐಕ್ 1947ರಿಂದ ಶುರುಮಾಡಿ 700ಕ್ಕೂ ಹೆಚ್ಚು ಆಟದ ಅಂಗಳಗಳನ್ನು ರೂಪಿಸಿದರು. ಅವುಗಳಲ್ಲಿ ಇಂದಿಗೂ ಹಾಗೇ ಉಳಿದಿರುವವು ತೀರಾ ಕಡಿಮೆ.

ನಮ್ಮಲ್ಲಿಯ ಸಾಮಾನಿನ ವಿಶೇಷ ಬೇರೆ. ಬಹುಪಾಲಿಗೆ ಕಂಪನಿಯ ಹೆಸರಿಲ್ಲ. ಊರಿನ ವೆಲ್ಡಿಂಗ್ ಶಾಪಿನವರು, ಆಚಾರಿಗಳು, ಮೇಸ್ತ್ರಿಗಳು ಎಲ್ಲೋ ಒಂದು ನೋಡಿ ಬಂದು ಕೈಗೆ ಸಿಕ್ಕ ಪೈಪು, ತಗಡು, ಹಲಗೆಯಿಂದ ಮಾಡಿಕೊಟ್ಟದ್ದು. ಅದಕ್ಕೇ ಒಂದರಂತೆ ಇನ್ನೊಂದಿಲ್ಲ, ಹೋದರೆ ಅದರ ಜೋಡಿ ಮತ್ತೆಲ್ಲೂ ಸಿಗುವುದಿಲ್ಲ.

ಎಲ್ಲಿ ಹುಡುಕಬೇಕು?

ಶಾಲೆಯ ಹಿಂಬದಿ, ಶೌಚಾಲಯದ ಪಕ್ಕದ ಪೊದೆ, ಪಂಚಾಯತಿ ಗೋದಾಮು. ಹೊಸದು ಬಂದಾಗ ಹಳೆಯದನ್ನು ಕಿತ್ತು ಎಸೆಯುವುದು ಅಲ್ಲೇ. 1975ರಲ್ಲಿ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಹಳೆಯ ಅಂಗನವಾಡಿಗಳಲ್ಲಿ ಚಿಕ್ಕ ಗಾತ್ರದವು ಸಿಗುವುದುಂಟು. ಕಾರ್ಖಾನೆ ಮತ್ತು ಯೋಜನಾ ಕಾಲನಿಗಳನ್ನು ಮರೆಯಬೇಡಿ. ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆಯ ಸುತ್ತಮುತ್ತ, ಕಾಳಿ ಜಲವಿದ್ಯುತ್ ಯೋಜನೆಯ ಗಣೇಶಗುಡಿ ಮತ್ತು ಅಂಬಿಕಾನಗರ, ಕಾರವಾರದ ಬಳಿಯ ಬಿಣಗಾ, ಇಲ್ಲೆಲ್ಲ ನಿವೃತ್ತರನ್ನು ವಿಚಾರಿಸಿ. ಕಾಲನಿ ಖಾಲಿಯಾಗುವಾಗ ಆಟದ ಸಾಮಾನೇ ಮೊದಲು ಅನಾಥವಾಗುವುದು.

ಇಡೀ ಊರೇ ಹೋದ ಕಡೆ ಸಾಮಾನು ಸಿಗುವ ಆಸೆ ಇಟ್ಟುಕೊಳ್ಳಬೇಡಿ, ಫೋಟೊ ಕೇಳಿ. ಸೂಪಾ ಊರು ಅಣೆಕಟ್ಟಿನ ನೀರಿನಡಿ ಹೋಯಿತು. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ಕಡೆಯ ಎಷ್ಟೋ ಕುಟುಂಬಗಳು ಮನೆ, ಗದ್ದೆ, ಶಾಲೆ ಬಿಟ್ಟು ಬಂದವು. ಅವರ ಮನೆಯ ಆಲ್ಬಮ್ಮಿನಲ್ಲಿ ಶಾಲೆಯ ಗ್ರೂಪ್ ಫೋಟೊ ಇದ್ದರೆ ಮುಂದೆ ಕೂತ ಮಕ್ಕಳನ್ನಷ್ಟೇ ನೋಡಿ ಮುಚ್ಚಬೇಡಿ, ಹಿಂದೆ ಏನು ನಿಂತಿದೆ ನೋಡಿ.

ಬಿದ್ದುಕೊಂಡಿದೆಯಲ್ಲ, ಎತ್ತಿಕೊಂಡು ಬಂದರೆ ಆಗದೇ?

ಆಗದು. ಪೊದೆಯಲ್ಲಿ ಬಿದ್ದಿದ್ದರೂ ಅದು ಸಾರ್ವಜನಿಕ ಆಸ್ತಿ. ಸರ್ಕಾರಿ ಶಾಲೆಯದಾದರೆ ಮುಖ್ಯೋಪಾಧ್ಯಾಯರು ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ), ಅಂಗನವಾಡಿಯದಾದರೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿ, ಪಾರ್ಕಿನದಾದರೆ ನಗರಸಭೆ, ಪುರಸಭೆ ಅಥವಾ ಪಂಚಾಯತಿಯನ್ನು ಕೇಳಬೇಕು. ಅದು ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ, ಅಂದರೆ ಬಾಳಿಕೆಯ ಸಾಮಾನುಗಳ ದಾಖಲೆ ಪುಸ್ತಕದಲ್ಲಿ, ಇದ್ದರೆ ಅದನ್ನು ನಿರುಪಯುಕ್ತ ಎಂದು ಠರಾವು ಮಾಡಿ ವಿಲೇವಾರಿ ಮಾಡಬೇಕಾಗುತ್ತದೆ, ಸಾಮಾನ್ಯವಾಗಿ ಹರಾಜಿನಲ್ಲಿ. ನಿಮ್ಮ ಅರ್ಜಿ ಲಿಖಿತವಾಗಿರಲಿ, ಹಣ ಕೊಟ್ಟರೆ ರಸೀದಿ ಇರಲಿ. ರಿಜಿಸ್ಟರಿನ ಆ ಪುಟದ ನಕಲನ್ನೂ ಕೇಳಿ ಪಡೆಯಿರಿ. ಖರೀದಿಸಿದ ವರ್ಷ, ಕೊಟ್ಟ ಬೆಲೆ, ಕೆಲವೊಮ್ಮೆ ಮಾಡಿಕೊಟ್ಟವರ ಹೆಸರು ಕೂಡ ಅದರಲ್ಲೇ ಇರುತ್ತದೆ.

ಅದಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಅಲ್ಲೇ ಉಳಿಸಲು ಸಾಧ್ಯವೇ? ರಿಪೇರಿ ಮಾಡಿಸಿ, ಬಣ್ಣ ಹಚ್ಚಿಸಿ, ಅದೇ ಆಲದ ಮರದಡಿ ನಿಲ್ಲಿಸಲು ಹಳೆಯ ವಿದ್ಯಾರ್ಥಿಗಳು ಒಪ್ಪಿದರೆ ನಿಮ್ಮ ಸಂಗ್ರಹಕ್ಕೆ ಒಂದು ಕಡಿಮೆಯಾದರೂ ಅದೇ ಒಳ್ಳೆಯದು. ಕಿತ್ತು ತರುವುದು ಕಡೆಯ ದಾರಿ. ಅಂಗಳದಿಂದ ಬಿಡಿಸಿ ತಂದ ಜಾರುಬಂಡಿ ಅರ್ಧ ಕಥೆಯನ್ನು ಅಲ್ಲೇ ಬಿಟ್ಟು ಬಂದಿರುತ್ತದೆ.

ಪ್ರಾಚ್ಯವಸ್ತು ಕಾನೂನು ಇದಕ್ಕೆ ಅನ್ವಯಿಸುತ್ತದೆಯೇ?

1972ರ ಕಾನೂನಿನ ಪ್ರಕಾರ ಪ್ರಾಚ್ಯವಸ್ತು ಎನಿಸಲು ಕನಿಷ್ಠ 100 ವರ್ಷ ಆಗಿರಬೇಕು. ನಮ್ಮ ಆಟದ ಸಾಮಾನು ಸಾಮಾನ್ಯವಾಗಿ ಅಷ್ಟು ಹಳೆಯದಲ್ಲ. ಅಂದರೆ ಅದನ್ನು ಕಾಯುವ ಕಾನೂನೂ ಇಲ್ಲ, ನಾವೇ ಕಾಯಬೇಕು. ಸಾಗವಾನಿ ಅಥವಾ ಬೀಟೆಯ ಹಲಗೆಗಳಿದ್ದರೆ ಸಾಗಿಸುವ ಮೊದಲು ಹತ್ತಿರದ ಅರಣ್ಯ ರೇಂಜ್ ಆಫೀಸಿನಲ್ಲಿ ಒಂದು ಮಾತು ಕೇಳಿ.

ಯಾವ ಕಾಲದ್ದೆಂದು ಗುರುತಿಸುವುದು ಹೇಗೆ?

ಬಣ್ಣ ನೋಡಿ ನಿರ್ಧರಿಸಬೇಡಿ, ಬಣ್ಣ ಪ್ರತಿ ಆಗಸ್ಟ್ 15ಕ್ಕೂ ಬದಲಾಗಿರುತ್ತದೆ. ಜೋಡಣೆ ನೋಡಿ. ರಿವೆಟ್ ಹೊಡೆದ, ಕುಲುಮೆಯಲ್ಲಿ ಕಾಸಿ ಬಡಿದು ಕೂಡಿಸಿದ ಕೀಲುಗಳಿದ್ದರೆ ವಿದ್ಯುತ್ ವೆಲ್ಡಿಂಗ್ ಆ ಊರಿಗೆ ಬರುವ ಮೊದಲಿನದಿರಬಹುದು. ಬೋಲ್ಟುಗಳ ಮರೆ (ತಿರುಪಿನ ಗೆರೆ) ನೋಡಿ. ಇಂಚಿನ ಲೆಕ್ಕದ ವಿಟ್‌ವರ್ತ್ ಮರೆಯಿದ್ದರೆ ಅದು ಮೆಟ್ರಿಕ್ ಪದ್ಧತಿ ಬೇರೂರುವ ಮುಂಚಿನದಿರುವ ಸಾಧ್ಯತೆ ಇದೆ. ಆದರೆ ಅಂಥ ಬೋಲ್ಟುಗಳು ಅಂಗಡಿಗಳಲ್ಲಿ ಬಹುಕಾಲ ಸಿಗುತ್ತಿದ್ದವು, ಅದೊಂದನ್ನೇ ನೆಚ್ಚಬೇಡಿ. ಜಿಐ (ಸತುವಿನ ಲೇಪವಿರುವ ಕಬ್ಬಿಣದ) ಪೈಪಿನ ಮೇಲೆ ಬಣ್ಣದ ಪಟ್ಟಿ ಉಳಿದಿದ್ದರೆ ಬರೆದಿಡಿ: ಹಳದಿ ಹಗುರ, ನೀಲಿ ಮಧ್ಯಮ, ಕೆಂಪು ಭಾರಿ. ರಿಪೇರಿಗೆ ಪೈಪು ಕೊಳ್ಳುವಾಗ ಅದೇ ದರ್ಜೆ ಬೇಕಾಗುತ್ತದೆ.

ಕಾಗದಪತ್ರ ಹುಡುಕುವವರು ಒಂದು ವಿಷಯ ನೆನಪಿಡಬೇಕು. ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಆ ಕಾಲದ ಶಾಲಾ ದಫ್ತರಗಳಲ್ಲಿ ಮರಾಠಿ, ಅದರ ಹಳೆಯ ಕೂಡುಬರಹವಾದ ಮೋಡಿ ಲಿಪಿ ಬಂದರೆ ಗಾಬರಿಯಾಗಬೇಡಿ, ಕಾರವಾರದಲ್ಲಿ ಓದಿ ಹೇಳುವ ಹಿರಿಯರು ಸಿಕ್ಕಾರು.

ಕೀಳುವ ಮೊದಲು ಏನೇನು ಮಾಡಬೇಕು?

ನಾಲ್ಕೂ ದಿಕ್ಕಿನಿಂದ ಫೋಟೊ, ಪಕ್ಕದಲ್ಲಿ ಅಳತೆಗೋಲು. ಅದು ಯಾವ ದಿಕ್ಕಿಗೆ ಮುಖ ಮಾಡಿತ್ತು, ಕೆಳಗೆ ಮರಳಿತ್ತೇ, ಕಾಂಕ್ರೀಟೇ, ಯಾವ ಮರದ ನೆರಳಿತ್ತು, ಎಲ್ಲ ಬರೆದಿಡಿ. ಅಡುಗೆಯವರು, ಹಳೆಯ ಮಾಸ್ತರು, ಪಕ್ಕದ ಅಂಗಡಿಯವರ ಮಾತು ಫೋನಿನಲ್ಲಿ ಮುದ್ರಿಸಿಕೊಳ್ಳಿ. ಯಾರು ಮಾಡಿದರು, ಯಾವಾಗ ಮುರಿದಿತ್ತು, ಸಾಲು ನಿಲ್ಲಿಸುತ್ತಿದ್ದವರು ಯಾರು ಎಂಬುದು ಅವರಿಗೇ ಗೊತ್ತು.

ಕಚ್ಚಿ ಕೂತ ಬೋಲ್ಟಿಗೆ ಸೀಮೆಎಣ್ಣೆ ಹಾಕಿ ಒಂದೆರಡು ದಿನ ಬಿಡಿ. ಗ್ಯಾಸ್ ಕಟರ್ ತರುವ ಅವಸರ ಬೇಡ. ಬಿಚ್ಚಿದ ಪ್ರತಿ ತುಂಡಿಗೂ ತಂತಿಯಲ್ಲಿ ಚೀಟಿ ಕಟ್ಟಿ. ಸಂಖ್ಯೆ ಹಾಕಲು ಪಂಚ್ ಹೊಡೆಯಬೇಡಿ. ವಸ್ತುಸಂಗ್ರಹಾಲಯಗಳವರು ಪ್ಯಾರಲಾಯ್ಡ್ ಬಿ-72 ಎಂಬ ಪಾರದರ್ಶಕ ರಾಳವನ್ನು ತೆಳ್ಳಗೆ ಹಚ್ಚಿ ಅದರ ಮೇಲೆ ಸಂಖ್ಯೆ ಬರೆಯುತ್ತಾರೆ. ಬೇಡವಾದಾಗ ಅಸಿಟೋನಿನಿಂದ ಒರೆಸಿದರೆ ಹೋಗುತ್ತದೆ.

ಕಡಲ ಬದಿಯ ಕಬ್ಬಿಣಕ್ಕೆ ಎಷ್ಟು ಬಣ್ಣ ಹೊಡೆದರೂ ಮತ್ತೆ ತುಕ್ಕು ಬರುತ್ತದೆ. ಏನು ಮಾಡುವುದು?

ತುಕ್ಕಿನ ಗುಂಡಿಗಳೊಳಗೆ ಉಪ್ಪು ಕೂತಿರುತ್ತದೆ. ಅದರ ಮೇಲೆ ಬಣ್ಣ ಹೊಡೆದರೆ ಉಪ್ಪನ್ನು ಒಳಗೇ ಮುಚ್ಚಿಟ್ಟಂತೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಕ್ಲೋರೈಡು ಕಬ್ಬಿಣವನ್ನು ತಿನ್ನುತ್ತ ಹೋಗುತ್ತದೆ, ಮುಂದಿನ ಮಳೆಗಾಲಕ್ಕೆ ಬಣ್ಣ ಗುಳ್ಳೆಯೆದ್ದು ಹಪ್ಪಳೆಯಾಗಿ ಬೀಳುತ್ತದೆ. ಹಾಗಾಗಿ ಬಣ್ಣಕ್ಕಿಂತ ಮೊದಲು ತೊಳೆಯಬೇಕು. ಸಡಿಲ ತುಕ್ಕನ್ನು ವೈರ್ ಬ್ರಶ್ಶಿನಿಂದ ಬಿಡಿಸಿ, ಸಿಹಿನೀರಿನಲ್ಲಿ ಉಜ್ಜಿ ತೊಳೆದು, ಒಣಗಿಸಿ, ಮತ್ತೆ ತೊಳೆಯಿರಿ. ಚಿಕ್ಕ ತುಂಡುಗಳನ್ನು ನೀರಿನಲ್ಲಿ ನೆನೆಹಾಕಿ ನೀರು ಬದಲಿಸುತ್ತಿರಿ. ಕರಾವಳಿಯ ಕೆಲವು ಬಾವಿಗಳ ನೀರು ಬೇಸಿಗೆಯಲ್ಲಿ ಸವುಳಾಗುತ್ತದೆ, ಅದರಲ್ಲಿ ತೊಳೆದರೆ ಉಪ್ಪು ಮತ್ತಷ್ಟು ಸೇರಿತೇ ಹೊರತು ಹೋಗಲಿಲ್ಲ. ಮಳೆನೀರು ಹಿಡಿದಿಟ್ಟರೆ ಎಲ್ಲಕ್ಕಿಂತ ಉತ್ತಮ, ಕಾರವಾರದಲ್ಲಿ ವರ್ಷಕ್ಕೆ 3,000 ಮಿ.ಮೀ. ಆಸುಪಾಸು ಸುರಿಯುವಾಗ ಅದಕ್ಕೇನು ಬರ?

ಪೈಪು ಒಳಗಿನಿಂದಲೂ ತುಕ್ಕು ಹಿಡಿಯುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಬನ್ನಿ, ಸದ್ದು ಮಂದವಾದಲ್ಲಿ ಲೋಹ ತೆಳುವಾಗಿದೆ. ಮೊದಲು ಕೊಳೆಯುವುದು ಬುಡ, ಪೈಪು ಕಾಂಕ್ರೀಟಿಗೆ ಇಳಿಯುವ ಜಾಗ. ಮತ್ತೆ ನಿಲ್ಲಿಸುವಾಗ ಆ ಕಾಂಕ್ರೀಟನ್ನು ನೆಲಕ್ಕಿಂತ ಎತ್ತರಿಸಿ, ನೀರು ಹರಿದುಹೋಗುವಂತೆ ಇಳಿಜಾರು ಕೊಡಿ. ತೆರೆದ ಪೈಪುಗಳ ಬಾಯಿ ಮುಚ್ಚಿಸಿ. ಕಾರವಾರದ ಟಾಗೋರ್ ಕಡಲತೀರದಲ್ಲಿ ನಿಂತಿರುವ ಐಎನ್‌ಎಸ್ ಚಪಲ್ ಯುದ್ಧನೌಕೆಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಕಡಲ ಎದುರಿನ ಕಬ್ಬಿಣಕ್ಕೆ ಆರೈಕೆ ಎಂಬುದು ಮುಗಿಯುವ ಕೆಲಸವಲ್ಲ.

ಅಳಲೆಕಾಯಿ ನೀರು ಹಚ್ಚಿದರೆ ತುಕ್ಕು ನಿಲ್ಲುತ್ತದಂತೆ, ಹೌದೇ?

ಅದರಲ್ಲಿ ಸತ್ಯವಿದೆ. ಅಳಲೆಯಲ್ಲಿ ಟ್ಯಾನಿನ್ ಹೇರಳವಾಗಿದೆ, ಅದು ತುಕ್ಕಿನೊಡನೆ ಕೂಡಿ ಕಪ್ಪಗಿನ ಗಟ್ಟಿ ಪದರವಾಗುತ್ತದೆ. ಅಳಲೆಕಾಯಿ ಮತ್ತು ಅನ್ನಭೇದಿ (ಕಬ್ಬಿಣದ ಹಸಿರು ಲವಣ) ಸೇರಿಸಿ ಹಿಂದೆ ಶಾಯಿ ಮಾಡುತ್ತಿದ್ದದ್ದೂ ಇದೇ ಗುಣದಿಂದ. ಸಂರಕ್ಷಣಾ ತಜ್ಞರು ಟ್ಯಾನಿಕ್ ಆಮ್ಲ ಬಳಸುವುದೂ ಇದಕ್ಕೇ. ಆದರೆ ಮನೆಯ ಕಷಾಯದ ಹದ ಪ್ರತಿ ಸಲ ಒಂದೇ ಇರುವುದಿಲ್ಲ, ಒಳಗೆ ಉಪ್ಪು ಉಳಿದಿದ್ದರೆ ಯಾವ ಟ್ಯಾನಿನ್ನೂ ಅದನ್ನು ತಡೆಯದು. ತೊಳೆದ ಮೇಲೆ, ಮಳೆ ತಾಗದ ಪ್ರದರ್ಶನದ ತುಂಡುಗಳಿಗೆ ಹಚ್ಚಿ, ಮೇಲೆ ಮೇಣ ಸವರಿ. ಹೊರಗೆ ನಿಲ್ಲುವುದಕ್ಕೆ ಇದೊಂದೇ ಸಾಲದು.

ಹಳೆಯ ಬಣ್ಣ ಪೂರ್ತಿ ಕೆರೆದು ತೆಗೆಯಬೇಕೇ?

ಇಲ್ಲಿ ದಯವಿಟ್ಟು ನಿಧಾನಿಸಿ. ಮನೆ ಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸ (ಲೆಡ್ ಎಂಬ ವಿಷಲೋಹ) 90 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 90 ಭಾಗ, ದಾಟಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ, ಅಡಿಯ ಪ್ರೈಮರಿನಲ್ಲಿ ಸೀಸವಿದೆ ಎಂದೇ ತಿಳಿದು ಕೆಲಸ ಮಾಡಿ. ಗ್ರೈಂಡರ್ ಹಿಡಿದು ಒಣಗಿರುವಾಗಲೇ ಉಜ್ಜಿದರೆ ಆ ಧೂಳು ನಿಮ್ಮ ಎದೆಗೆ, ಅಂಗಳಕ್ಕೆ, ಮನೆಯ ಮಕ್ಕಳ ಬಾಯಿಗೆ ಹೋಗುತ್ತದೆ. ಬಣ್ಣವನ್ನು ಬೆಂಕಿಯಲ್ಲಿ ಸುಡುವುದಂತೂ ಬೇಡವೇ ಬೇಡ. ನೀರು ಚಿಮುಕಿಸಿ ಒದ್ದೆಯಾಗಿರುವಾಗ ಉಜ್ಜಿ, ಸಣ್ಣ ಕಣ ತಡೆಯುವ ಮಾಸ್ಕ್ ಹಾಕಿ, ಕೆಳಗೆ ಪ್ಲಾಸ್ಟಿಕ್ ಹಾಸಿ, ಬಿದ್ದದ್ದನ್ನು ಕಟ್ಟಿಡಿ. ಬಾವಿಯ ಹತ್ತಿರ, ತೋಟದಲ್ಲಿ ಈ ಕೆಲಸ ಬೇಡ. ಬಟ್ಟೆ ಬೇರೆಯಾಗಿ ತೊಳೆಯಿರಿ.

ಎಲ್ಲ ಬಣ್ಣ ತೆಗೆಯುವ ಅಗತ್ಯವೂ ಇಲ್ಲ. ಮರೆಯಾದ ಒಂದು ಕಡೆ, ಅಂಗೈಯಗಲ ಜಾಗವನ್ನು ಮೆಟ್ಟಿಲು ಮೆಟ್ಟಿಲಾಗಿ ಉಜ್ಜಿ, ಒಂದೊಂದು ಪದರವೂ ಕಾಣುವಂತೆ ಬಿಡಿ, ಫೋಟೊ ತೆಗೆಯಿರಿ. ಮೇಲೆ ನೀಲಿ, ಅಡಿಯಲ್ಲಿ ಹಸಿರು, ಅದರಡಿ ಬೆಳ್ಳಿ ಬಣ್ಣ ಎಂದು ಸಾಮಾನಿನ ಇಡೀ ಆಯುಸ್ಸು ಅಲ್ಲಿ ತೆರೆದುಕೊಳ್ಳುತ್ತದೆ. ಪ್ರದರ್ಶನಕ್ಕಷ್ಟೇ ಇಡುವುದಾದರೆ ಗಟ್ಟಿಯಾಗಿ ಕೂತ ಹಳೆಯ ಬಣ್ಣವನ್ನು ಹಾಗೇ ಬಿಡುವುದು ನನಗೆ ಸರಿ ಕಾಣುತ್ತದೆ, ಮಕ್ಕಳ ಕೈಗೆ ಎಟುಕದಂತೆ ಇಡಬೇಕಷ್ಟೆ.

ಹೊಸ ಬಣ್ಣ ಯಾವಾಗ ಹೊಡೆಯಬೇಕು?

ಡಿಸೆಂಬರಿನಿಂದ ಫೆಬ್ರವರಿ. ಬೆಳಗಿನ ಇಬ್ಬನಿ ಆರಿ ಕಬ್ಬಿಣ ಮುಟ್ಟಿದರೆ ಬೆಚ್ಚಗಿರಬೇಕು. ಸಂಜೆಯ ಥಂಡಿ ಇಳಿಯುವ ಮೊದಲು ಕೈ ತೊಳೆದುಕೊಳ್ಳಿ. ಏಪ್ರಿಲ್ ಬಂದರೆ ಗಾಳಿಯಲ್ಲಿ ತೇವ ಏರುತ್ತದೆ. ಸತುವಿನ ಅಂಶವಿರುವ ಎಪಾಕ್ಸಿ ಪ್ರೈಮರಿಗೆ ಖರ್ಚು ಜಾಸ್ತಿ, ಆದರೂ ಕರಾವಳಿಯಲ್ಲಿ ಬರಿಯ ರೆಡ್ ಆಕ್ಸೈಡಿಗಿಂತ ಅದೇ ಬಾಳುತ್ತದೆ.

ವೆಲ್ಡಿಂಗ್ ಮಾಡಿಸಬಹುದೇ?

ಅನಿವಾರ್ಯವಾದಲ್ಲಿ ಮಾತ್ರ. ಜಿಐ ಪೈಪಿನ ಸತುವಿನ ಪದರ ಸುಟ್ಟಾಗ ಏಳುವ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ. ಕೀಲಿನ ಸುತ್ತ ಸತುವನ್ನು ಮೊದಲು ಉಜ್ಜಿ ತೆಗೆಸಿ, ಬಯಲಿನಲ್ಲೇ ಮಾಡಿಸಿ. ಹೊಸದಾಗಿ ಸೇರಿಸಿದ ತುಂಡಿನ ಮೇಲೆ ಇಸವಿ ಬರೆಸಿ, ಮುಂದಿನವರಿಗೆ ಹಳೆಯದು ಯಾವುದು, ಹೊಸದು ಯಾವುದು ಎಂದು ತಿಳಿಯಲಿ. ಸ್ಟೇನ್‌ಲೆಸ್ ಬೋಲ್ಟು ಹಾಕುವುದಾದರೆ 316 ದರ್ಜೆ ಕೇಳಿ, ಕಬ್ಬಿಣಕ್ಕೆ ನೇರ ತಾಗದಂತೆ ನೈಲಾನ್ ವಾಶರ್ ಇಡಿ. ಎರಡು ಲೋಹಗಳು ಉಪ್ಪುತೇವದಲ್ಲಿ ಕೂಡಿದರೆ ಸವೆಯುವುದು ಹಳೆಯ ಕಬ್ಬಿಣವೇ.

ಸೀಸಾದ ಹಲಗೆಗೆ ಗೇರೆಣ್ಣೆ ಹಚ್ಚಬಹುದೇ? ದೋಣಿಗೆ ಹಚ್ಚುತ್ತಾರಲ್ಲ.

ಗೇರುಸಿಪ್ಪೆಯ ಎಣ್ಣೆ ಮರಕ್ಕೆ ಒಳ್ಳೆಯದೇ, ಗೆದ್ದಲು ಹತ್ತಿರ ಬರುವುದಿಲ್ಲ. ಆದರೆ ಅದು ಚರ್ಮ ಸುಡುತ್ತದೆ, ಗೇರುಬೀಜ ಸುಲಿದವರ ಕೈ ನೋಡಿದವರಿಗೆ ಹೇಳಬೇಕಿಲ್ಲ. ಮಗು ಕೂರುವ, ಹಿಡಿಯುವ ಜಾಗಕ್ಕೆ ಬೇಡ. ನೆಲದೊಳಗೆ ಹೂತುಹೋಗುವ ಕಂಬದ ಬುಡಕ್ಕೆ ಸಾಕು. ಹಲಗೆಗೆ ಅಗಸೆ ಎಣ್ಣೆ ಹಚ್ಚಿ. ಹಲಗೆ ಬದಲಿಸಲೇಬೇಕಾದರೆ ಅದೇ ಜಾತಿಯ ಮರ ಹುಡುಕಿ. ಮತ್ತಿ, ಹೊನ್ನೆ, ಹಲಸು ಎಂದು ಒಳ್ಳೆಯ ಬಡಗಿಗಳು ಸಿಪ್ಪೆ ಎಬ್ಬಿಸಿದೊಡನೆ ಹೇಳುತ್ತಾರೆ. ಮಕ್ಕಳ ಚಡ್ಡಿ ಉಜ್ಜಿ ಉಜ್ಜಿ ನುಣುಪಾದ ಹಳೆಯ ಹಲಗೆಯನ್ನು ಬಿಸಾಡಬೇಡಿ, ಚೀಟಿ ಕಟ್ಟಿ ಎತ್ತಿಡಿ. ಅದರ ಮೇಲೆ ರಂಧ್ರ ಮುಚ್ಚಿ, ಪಾಲಿಶ್ ಮಾಡಿ ಹೊಳೆಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಸಿಮೆಂಟಿನ ಆನೆ ಬಿರುಕು ಬಿಟ್ಟಿದೆ. ಉಳಿದೀತೇ?

ಒಳಗಿನ ಸರಳು ತುಕ್ಕು ಹಿಡಿದು ಉಬ್ಬಿದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಸಿಮೆಂಟು ಸೀಳುತ್ತದೆ. ಕಡಲ ಮರಳನ್ನು ತೊಳೆಯದೆ ಕಲಸಿದ್ದರೆ ಈ ಗತಿ ಬೇಗ ಬರುತ್ತದೆ. ಬಿರುಕಿಗೆ ಮೇಲಿಂದ ಸಿಮೆಂಟು ಮೆತ್ತಿದರೆ ಒಂದು ಮಳೆಗಾಲ ತಡೆದೀತು. ಸಡಿಲಾದದ್ದನ್ನು ಬಿಡಿಸಿ, ಸರಳು ಹೊಳೆಯುವಂತೆ ಉಜ್ಜಿ, ತುಕ್ಕು ತಡೆಯುವ ಲೇಪ ಕೊಟ್ಟು, ಸಿಹಿನೀರು ಮತ್ತು ಹೊಳೆಮರಳಿನ ಗಾರೆಯಿಂದ ತುಂಬಬೇಕು. ಆನೆಯ ಕಣ್ಣು, ಕಿವಿ, ಹಣೆಯ ಗೀರುಗಳನ್ನು ಮೇಸ್ತ್ರಿಯೊಬ್ಬರು ಕರಣೆಯಲ್ಲಿ ತಿದ್ದಿದ್ದು. ದುರಸ್ತಿಗೆ ಮುಂಚೆ ಅವುಗಳ ಅಚ್ಚು ಅಥವಾ ಹತ್ತಿರದ ಫೋಟೊ ಇಟ್ಟುಕೊಳ್ಳಿ, ಇಲ್ಲವಾದರೆ ಬೇರೆಯೇ ಆನೆಯಾಗಿ ಎದ್ದು ನಿಲ್ಲುತ್ತದೆ. ಚಿರೆಕಲ್ಲಿನ ಜಾರುಬಂಡೆಗಳಿಗೆ ತೊಂದರೆ ಕಡಿಮೆ, ಸಂದಿನಲ್ಲಿ ಬೆಳೆದ ಗೋಳಿಯ ಸಸಿಗಳನ್ನು ಬೇರುಸಮೇತ ಕಿತ್ತರೆ ಅವು ನಮ್ಮೆಲ್ಲರಿಗಿಂತ ಹೆಚ್ಚು ಬಾಳುತ್ತವೆ.

ಮಳೆಗಾಲದಲ್ಲಿ ಹೇಗೆ ಮುಚ್ಚಿಡಬೇಕು?

ಪ್ಲಾಸ್ಟಿಕ್ ಟಾರ್ಪಾಲಿನಿಂದ ಬಿಗಿಯಾಗಿ ಸುತ್ತಬೇಡಿ, ಒಳಗೆ ಬೆವೆತು ಇನ್ನಷ್ಟು ಕೆಡುತ್ತದೆ. ಶಿರಸಿ ಕಡೆ ಮನೆಯ ಗೋಡೆಗೆ ಅಡಿಕೆ ಸೋಗೆ ಕಟ್ಟುತ್ತಾರಲ್ಲ, ಕರಾವಳಿಯಲ್ಲಿ ಮಡಲಿನ ತಟ್ಟಿ ಕಟ್ಟುತ್ತಾರಲ್ಲ, ಅದೇ ಸರಿ. ಎರಚಲು ತಡೆಯುತ್ತದೆ, ಗಾಳಿ ಆಡುತ್ತದೆ. ಕಲ್ಲಿನ ಮೇಲಿಟ್ಟು ನೆಲದಿಂದ ಮೇಲೆತ್ತಿರಿ. ತಿರುಗಣೆಯ ನಡುಗೂಟಕ್ಕೂ ಸರಪಳಿಯ ಕೊಂಡಿಗಳಿಗೂ ಮೇ ತಿಂಗಳಲ್ಲೇ ಗ್ರೀಸ್ ತುಂಬಿ.

ಇವುಗಳ ಮೇಲೆ ಮಕ್ಕಳು ಆಡಬಹುದೇ?

ಆಡಬೇಕೆಂದೇ ನನ್ನ ಆಸೆ, ಆದರೆ ಎಲ್ಲವುಗಳ ಮೇಲೂ ಸಲ್ಲದು. ಸೀಸದ ಬಣ್ಣ ಉಳಿದದ್ದು, ಬುಡ ಕೊಳೆತದ್ದು, ತಗಡಿನ ಅಂಚು ಎದ್ದದ್ದು ನೋಡಲಿಕ್ಕೆ ಮಾತ್ರ. ಆಡಲು ಬಿಡುವುದಾದರೆ ಕಂಬಿಗಳ ನಡುವಿನ ಸಂದು ಅಳೆಯಿರಿ. ಸುಮಾರು 9ರಿಂದ 23 ಸೆಂ.ಮೀ. ನಡುವಿನ ಸಂದಿನಲ್ಲಿ ಮಗುವಿನ ಮೈ ತೂರಿ ತಲೆ ಸಿಕ್ಕಿಬೀಳುವ ಭಯವಿದೆ. ಸುತ್ತ ಆರು ಅಡಿ ಖಾಲಿ ಜಾಗವಿರಲಿ, ಕೆಳಗೆ ಕಾಂಕ್ರೀಟು ಬೇಡ, ಒಂದಡಿ ಸಡಿಲ ಮರಳಿರಲಿ. ಅದಕ್ಕೂ ಕಡಲ ಮರಳು ತರಬೇಡಿ, ಉಪ್ಪು ಕಂಬದ ಬುಡ ತಿನ್ನುತ್ತದೆ, ತೀರದ ಮರಳೆತ್ತುವುದು ತಪ್ಪೂ ಹೌದು. ಜೋಕಾಲಿಯ ಕಬ್ಬಿಣದ ಸೀಟು ಎದುರಿಗೆ ಬಂದ ಮಗುವಿನ ಹಣೆ ಒಡೆಯಬಲ್ಲದು. ಆಡಲು ರಬ್ಬರಿನದು ಹಾಕಿ, ಮೂಲದ್ದನ್ನು ಗೋಡೆಗೆ ನೇತುಹಾಕಿ. ತಗಡಿನ ಜಾರುಬಂಡಿ ಮಧ್ಯಾಹ್ನದ ಬಿಸಿಲಿಗೆ ಮುಖ ಮಾಡದಿರಲಿ, ಏಪ್ರಿಲಿನಲ್ಲಿ ಚರ್ಮ ಸುಲಿಯುವಷ್ಟು ಕಾಯುತ್ತದೆ.

ಜಾತ್ರೆಯ ಮರದ ತೊಟ್ಟಿಲುಗಳು ಈ ಸಂಗ್ರಹಕ್ಕೆ ಸೇರುತ್ತವೆಯೇ?

ಖಂಡಿತ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ, ಈಗ ಅಲ್ಲಿ ಕಾಣುವುದು ವಿದ್ಯುತ್ ಯಂತ್ರದ ದೊಡ್ಡ ಚಕ್ರಗಳು. ಕೈಯಿಂದ ತಿರುಗಿಸುತ್ತಿದ್ದ ನಾಲ್ಕು ತೊಟ್ಟಿಲಿನ ಮರದ ಚಕ್ರ ನಡೆಸುತ್ತಿದ್ದ ಕುಟುಂಬಗಳ ಅಟ್ಟದಲ್ಲಿ ಬಿಡಿಭಾಗಗಳು ಉಳಿದಿರಬಹುದು. ಅದು ಅವರ ಅನ್ನದ ಸಾಧನವಾಗಿತ್ತು, ಗುಜರಿ ಬೆಲೆ ಹೇಳಿ ಅವಮಾನ ಮಾಡಬೇಡಿ. ಕೊಡಲು ಮನಸ್ಸಿಲ್ಲದಿದ್ದರೆ ಅಳತೆ, ಚಿತ್ರ, ಜೋಡಿಸುವ ಕ್ರಮ ಬರೆದುಕೊಂಡು ಬನ್ನಿ.

ನನಗೆ ಜಾಗವೂ ಇಲ್ಲ, ದುಡ್ಡೂ ಇಲ್ಲ. ನಾನೇನು ಮಾಡಬಹುದು?

ನಿಮ್ಮ ಶಾಲೆಗೆ ಹೋಗಿ. ಅಲ್ಲಿ ಏನು ನಿಂತಿದೆಯೋ ಅದರ ಫೋಟೊ, ಎತ್ತರ, ಅಗಲ, ಪೈಪಿನ ಸುತ್ತಳತೆ, ಮೆಟ್ಟಿಲುಗಳ ಲೆಕ್ಕ ಒಂದು ಹಾಳೆಯಲ್ಲಿ ಬರೆದು ದಿನಾಂಕ ಹಾಕಿ. ಒಂದು ಪ್ರತಿ ಶಾಲೆಯ ಕಡತಕ್ಕೆ ಕೊಡಿ, ಒಂದು ನಿಮ್ಮಲ್ಲಿರಲಿ, ಇನ್ನೊಂದನ್ನು ಊರಿನ ಗ್ರಂಥಾಲಯದಲ್ಲಿಡಿ. ಹೊಸ ಆಟದ ಸಾಮಾನಿಗೆ ಅನುದಾನ ಬಂದಿದೆ ಎಂಬ ಸುದ್ದಿ ಕಿವಿಗೆ ಬಿದ್ದ ದಿನವೇ ಎಸ್‌ಡಿಎಂಸಿ ಅಧ್ಯಕ್ಷರನ್ನು ಕಂಡು, ಹಳೆಯದನ್ನು ಏನು ಮಾಡುತ್ತೀರಿ ಎಂದು ಕೇಳಿ. ಗುಜರಿಯವರ ಟೆಂಪೊ ಬರುವುದು ಸಾಮಾನ್ಯವಾಗಿ ಬೇಸಿಗೆ ರಜೆಯಲ್ಲಿ, ಶಾಲೆಯಲ್ಲಿ ಯಾರೂ ಇಲ್ಲದಾಗ. ಹಾಗಾಗಿ ಮಾರ್ಚಿನೊಳಗೆ ಹೋಗಿ ಬನ್ನಿ.